ಬಿತ್ತಿಹೋದ ಉಂಗುರದ ಬಗ್ಗೆ ಹುಕ್ಕೇರಿಯ ಯಂತ್ರರಾಯರಿಗೆ

ಮೇಲವಂಕಿ, ತಾಲೂಕು ಗೋಕಾಕ
ಕಾರ್ತಿಕ ಮಾಸ, 1946ನೆಯ ಇಸವಿ

ಲೋಹ ಹುಡುಕುವ ಶ್ರೀಮನ್ ಯಂತ್ರರಾಯರ ಸನ್ನಿಧಿಗೆ,
ಮೊಕ್ಕಾಂ: ಬೀರಸಿದ್ದಪ್ಪನವರ ಪಡಸಾಲೆ, ಹುಕ್ಕೇರಿ.

ಮಾನ್ಯರೇ,

ತಮ್ಮ ಉದ್ದನೆಯ ಹಿಡಿ, ಅದರ ತುದಿಯ ಅಗಲವಾದ ತಟ್ಟೆ, ಬೆನ್ನಿಗೆ ಹೊರುವ ಬ್ಯಾಟರಿಯ ಪೆಟ್ಟಿಗೆ, ಕಿವಿಗೆ ಕಟ್ಟುವ ಕರಿಯ ಬಟ್ಟಲುಗಳು, ಇವೆಲ್ಲವೂ ಕ್ಷೇಮದಿಂದಿವೆ ಎಂದೂ, ಬೀರಸಿದ್ದಪ್ಪನವರ ಮನೆಯ ಕೋಳಿಗಳು ತಮ್ಮ ಮೇಲೆ ಕೂರುವುದನ್ನು ಬಿಟ್ಟಿವೆ ಎಂದೂ ನಂಬಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲವಂಕಿಯ ದುಂಡಪ್ಪನೆಂಬ ಈ ಒಕ್ಕಲಿಗನು ಸಾಷ್ಟಾಂಗ ವಂದನೆ ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ, ಕಳೆದ ಹನ್ನೆರಡು ವರ್ಷಗಳಿಂದ ಈ ಊರೂ ಸೇರಿ ನಾಲ್ಕು ಹಳ್ಳಿಯ ಅರ್ಜಿಗಳನ್ನೆಲ್ಲ ಬರೆಯುತ್ತ ಬಂದವನು ನಾನೇ. ಅವುಗಳನ್ನು ಪಡೆದ ಸಾಹೇಬರಿಗೆ ಎರಡೆರಡು ಕಿವಿಗಳಿದ್ದರೂ ಒಂದು ಅರ್ಜಿಯೂ ಕೇಳಿಸಿದ್ದಿಲ್ಲ. ಮೈಯೆಲ್ಲ ಕಿವಿಯಾಗಿರುವಂಥವರಿಗೆ ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಅಕ್ಷರವನ್ನು ಸ್ವಲ್ಪ ದುಂಡಗೆ ಬರೆದಿದ್ದೇನೆ.

ತಮ್ಮ ಕೀರ್ತಿ ತಮಗಿಂತ ಮುಂಚೆ ನಮ್ಮೂರಿಗೆ ಬಂದಿತ್ತು. ದಂಡಿನಲ್ಲಿ ಚಾಕರಿ ಮಾಡಿ ಬಂದ ಬೀರಸಿದ್ದಪ್ಪನವರು ತಮ್ಮನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದದ್ದು, ಯುದ್ಧಕಾಲದಲ್ಲಿ ತಾವು ಮರಳಿನೊಳಗೆ ಹುಗಿದ ಮದ್ದಿನ ಡಬ್ಬಿಗಳನ್ನು ಹುಡುಕಿ ಸಾವಿರ ಕಾಲುಗಳನ್ನು ಉಳಿಸಿದ್ದು, ಯುದ್ಧ ಮುಗಿದ ಮೇಲೆ ಕೊಣ್ಣೂರ ಬಳಿ ಘಟಪ್ರಭೆಯ ದಂಡೆಯಲ್ಲಿ, ಜನ ಈಸು ಬಿದ್ದು ಬಟ್ಟೆ ಹಿಂಡುವ ಜಾಗದಲ್ಲಿ, ಯಾರದೋ ಬೆಳ್ಳಿಯ ಉಡದಾರವನ್ನೂ ಇನ್ಯಾರದೋ ಮೂರು ಕಾಲುಂಗುರಗಳನ್ನೂ ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಎತ್ತಿಕೊಟ್ಟದ್ದು, ಇವೆಲ್ಲ ನಮಗೆ ಬಾಯಿಪಾಠವಾಗಿದ್ದವು. ಆದರೆ ಹೊಳೆಯ ಮರಳು ಬೇರೆ, ಮೇಲವಂಕಿಯ ಕರಿಮಣ್ಣಿನ ಎರೆಯ ಹೊಲ ಬೇರೆ. ನನ್ನ ದೂರು ಇರುವುದು ಇಲ್ಲಿಯೇ.

ದೂರಿಗೆ ಮುಂಚೆ ನಮ್ಮ ಮನೆಯ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಜೋಳ ಬಿತ್ತುವಾಗ ಎತ್ತು ಹೊಡೆಯುವವನು ಗಂಡಸು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುವವಳು ಹೆಣ್ಣುಮಗಳು. ಬೀಜ ಆ ಬಟ್ಟಲಿನಿಂದ ಮೂರು ಬಿದಿರಿನ ಕೊಳವೆಗಳಲ್ಲಿ ಇಳಿದು ಮೂರು ಸಾಲುಗಳಲ್ಲಿ ಬೀಳುತ್ತದೆ. ಬರಿಬೆರಳಿನಿಂದ ಬೀಜ ಬಿಡಬಾರದು, ಮನೆಯ ಬಂಗಾರದ ಉಂಗುರ ಕೈಯಲ್ಲಿರಬೇಕು ಎಂಬುದು ನನ್ನ ತಾಯಿ ಕೆಂಚವ್ವನವರ ಕಟ್ಟಪ್ಪಣೆ. ಉಂಗುರ ತಾಯಿಯವರ ದಪ್ಪ ಬೆರಳಿನ ಅಳತೆಯದು, ಅದನ್ನು ಹಾಕಿಕೊಂಡವಳು ನನ್ನ ಹೆಂಡತಿ ಬಾಳವ್ವ, ಅವಳ ಬೆರಳು ನುಗ್ಗೆಕಾಯಿಯಷ್ಟು ಸಪೂರ. ಉಂಗುರಕ್ಕೆ ಕೆಂಪು ನೂಲು ಸುತ್ತಿ ಬಿಗಿ ಮಾಡಿಕೊಂಡು ಅವಳು ದಿನವಿಡೀ ಬಿತ್ತಿದಳು. ಸಂಜೆ ಕೈ ತೊಳೆಯುವಾಗ ನೂಲೂ ಇರಲಿಲ್ಲ, ಉಂಗುರವೂ ಇರಲಿಲ್ಲ.

ಬೀಜದ ಜೊತೆ ಬಟ್ಟಲಿಗೆ ಬಿದ್ದು ಭೂಮಿ ಸೇರಿತು ಎಂದು ಬಾಳವ್ವ ಅಂದೇ ಹೇಳಿದಳು. ಅದನ್ನು ನಂಬಲು ಯಾವ ಖರ್ಚೂ ಇರಲಿಲ್ಲ. ಆದರೆ ಅದೇ ದಿನ ಮಧ್ಯಾಹ್ನ ಅವಳ ಅಣ್ಣ ಪರಪ್ಪನವರು ಮೂಡಲಗಿಯಿಂದ ಬಂದು, ಹೊಲದಲ್ಲಿಯೇ ಉಂಡು, ಖಡಕ್ ರೊಟ್ಟಿ ಮತ್ತು ನಂಚಿಕೊಳ್ಳುವ ಶೇಂಗಾ ಹಿಂಡಿಯ ಗಂಟೊಂದನ್ನು ಕಟ್ಟಿಸಿಕೊಂಡು ಹೋಗಿದ್ದರು. ನನ್ನ ತಾಯಿಯವರು ಮಾರನೆಯ ದಿನ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, "ನನ್ನ ಉಂಗರ ಮೂಡಲಗಿ ಹಾದಿ ಹಿಡದೈತಿ, ಹಿಂಡಿ ಗಂಟಿನಾಗ ಕುಂತು ಹೋಗೇತಿ" ಎಂದು ಹತ್ತು ಜನ ಹೆಣ್ಣುಮಕ್ಕಳ ಮುಂದೆ ಹೇಳಿದರು. ಅವರ ಹಿಂದೆ ಎತ್ತಿಗೆ ನೀರು ಕುಡಿಸುತ್ತಿದ್ದ ನನ್ನ ಕಡೆ ತಿರುಗಿ, "ಹೌದಿಲ್ಲೋ ದುಂಡ್ಯಾ" ಎಂದು ಕೇಳಿದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಎತ್ತಿನ ಕೊಂಬಿಗೆ ಅಂಟಿದ ಕೆಸರನ್ನು ಬಹಳ ಶ್ರದ್ಧೆಯಿಂದ ಒರೆಸಿದೆ.

ಆರನೆಯ ದಿನ ಜೋಳ ಮೊಳೆಯಿತು. ಯಂತ್ರರಾಯರೇ, ತಮಗೆ ಹೊಲವಿಲ್ಲದ ಕಾರಣ ತಿಳಿಯಲಿಕ್ಕಿಲ್ಲ, ನಮ್ಮ ಕಡೆ ಒಬ್ಬನ ಯೋಗ್ಯತೆ ಅಳೆಯುವುದು ಅವನ ಸಾಲುಗಳಿಂದ. ಸಾಲು ಸೊಟ್ಟಗಾದರೆ ಅಥವಾ ನಡುವೆ ಬೋಳು ಬಿದ್ದರೆ ಹಾದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಾರೆ. ನನ್ನ ನಾಲ್ಕೆಕರೆಯಲ್ಲಿ ಎಲ್ಲ ಸಾಲುಗಳೂ ನೆಟ್ಟಗೆ ಹಸಿರಾಗಿದ್ದವು, ಬನ್ನಿಗಿಡದ ಬಳಿಯ ಒಂದು ಸಾಲಿನಲ್ಲಿ ಮಾತ್ರ ಎಂಟು ಮಾರು ಉದ್ದ ಒಂದು ಕಾಳೂ ಎದ್ದಿರಲಿಲ್ಲ. ನಾನು ಬಾಳವ್ವನನ್ನು ಅಲ್ಲಿಗೆ ಕರೆದೊಯ್ದು ತೋರಿಸಿ, "ಇಲ್ಲೇನು ನಿನ್ನ ಕೈ ನಿದ್ದಿ ಹೊಡೀತಿತ್ತೇನು" ಎಂದು ಬೈದೆ. ಉಂಗುರದ ಸಿಟ್ಟನ್ನು ಸಾಲಿನ ಮೇಲೆ ಹಾಕಿದೆ ಎಂದು ಈಗ ಅನಿಸುತ್ತದೆ. ಅವಳು ಆ ಬೋಳು ಜಾಗವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

ಅಂದೇ ಸಂಜೆ ಊರ ಹಿರಿಯರಾದ ಮಾಲಿಂಗಪ್ಪನವರು ನಮ್ಮ ಕಟ್ಟೆಯ ಮೇಲೆ ಕುಳಿತು, ಬರುವ ಸೋಮವಾರ ಬಾಳವ್ವ ಬಸವಣ್ಣನ ಗುಡಿಯ ಹೊಸ್ತಿಲು ಮುಟ್ಟಿ ಆಣೆ ಮಾಡಲಿ, ಅಲ್ಲಿಗೆ ಮಾತು ಮುಗಿಯಲಿ ಎಂದು ತೀರ್ಮಾನ ಕೊಟ್ಟರು. ಬಾಳವ್ವ ಒಳಗಿನಿಂದಲೇ ಉತ್ತರ ಕೊಟ್ಟಳು. "ಆಣಿ ಮಾಡ್ತೀನ್ರಿ. ಮಾಡಿದ ಮ್ಯಾಲ ಈ ಮನಿ ಹೊಸ್ತಲ ಮಾತ್ರ ತುಳಿಯಂಗಿಲ್ಲ." ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಅವಳು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನೋಡಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿದ ಗಂಡಸು ತಾಯಿಗೆ ಒಂದು ಮಾತು ಹೇಳುವುದನ್ನು ಬಿಟ್ಟು ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿದೆ, ಅಂದರೆ ಬಂಡಿ ಹೂಡಿ ಹುಕ್ಕೇರಿಗೆ ಬಂದು ತಮ್ಮನ್ನು ಕರೆತಂದೆ.

ಭಾನುವಾರ ತಾವು ಬೀರಸಿದ್ದಪ್ಪನವರ ಬೆನ್ನೇರಿ ನಮ್ಮ ಹೊಲಕ್ಕೆ ಚಿತ್ತೈಸಿದಾಗ ಇಡೀ ಊರು ಅಲ್ಲಿತ್ತು. ತಾವು ಹೆಜ್ಜೆಗೊಂದು ಸಲ ಕೂಗಿದಿರಿ. ಮೊದಲ ಕೂಗಿಗೆ ನನ್ನ ಅಜ್ಜನ ಕಾಲದ ಮುರಿದ ನೇಗಿಲ ಕುಳ ಸಿಕ್ಕಿತು, ಎರಡನೆಯದಕ್ಕೆ ಎತ್ತಿನ ಲಾಳ, ಮೂರನೆಯದಕ್ಕೂ ಲಾಳ, ಹನ್ನೊಂದನೆಯದಕ್ಕೂ ಲಾಳವೇ. ನಮ್ಮ ಎತ್ತುಗಳು ಇಷ್ಟು ವರ್ಷ ಬರಿಗಾಲಲ್ಲಿ ದುಡಿದಿವೆ ಎಂಬ ಗುಟ್ಟನ್ನು ತಾವು ಊರಿಗೆಲ್ಲ ಸಾರಿದಿರಿ. ಆಮೇಲೆ ಜನರ ಉಡದಾರಕ್ಕೆ, ಕಾಲುಂಗುರಕ್ಕೆ, ಕೊನೆಗೆ ಮಾಲಿಂಗಪ್ಪನವರ ಕಿಸೆಯ ಅಡಕತ್ತರಿಗೂ ಕೂಗತೊಡಗಿದಾಗ ಬೀರಸಿದ್ದಪ್ಪನವರು ದಂಡಿನ ದನಿಯಲ್ಲಿ ಗದರಿಸಿ, ಲೋಹವೆಂಬುದನ್ನೆಲ್ಲ ಒಂದು ಕಂಬಳಿಯ ಮೇಲೆ ಬಿಚ್ಚಿಡಿಸಿ, ಊರನ್ನು ಬದುವಿನ ಮೇಲೆ ಕೂರಿಸಿದರು. ಅರ್ಧ ಗಂಟೆಯಲ್ಲಿ ಆ ಕಂಬಳಿಯಿಂದ ಒಂದು ಕಾಲುಂಗುರ ಕಾಣೆಯಾಯಿತು, ಅದನ್ನು ಹುಡುಕಲು ಮತ್ತೆ ತಮ್ಮನ್ನೇ ಕರೆಯಬೇಕಾಯಿತು, ಅದು ಕಂಬಳಿಯ ಕೆಳಗೇ ಸಿಕ್ಕಿತು. ಅಂದಿನ ತಮ್ಮ ಕೆಲಸದಲ್ಲಿ ಜನ ಮನಸಾರೆ ಮೆಚ್ಚಿದ್ದು ಇದೊಂದನ್ನೇ.

ಬಾವಿಯ ಬದಿಯಲ್ಲಿ ಇನ್ನೊಂದು ವಸ್ತು ಸಿಕ್ಕಿತು, ಅದು ಹಿತ್ತಾಳೆಯ ಸುಣ್ಣದ ಡಬ್ಬಿ. ಹತ್ತು ವರ್ಷಗಳ ಹಿಂದೆ ಇಂಥದೇ ಸುಣ್ಣದ ಡಬ್ಬಿ ಕಳೆಯಿತೆಂದು ನನ್ನ ತಾಯಿಯವರು ಕಳೆ ಕೀಳಲು ಬರುತ್ತಿದ್ದ ಸೀತವ್ವನ ಮೇಲೆ ಕಳವು ಹೊರಿಸಿದ್ದರು. ಸೀತವ್ವ ಅಂದಿನಿಂದ ನಮ್ಮ ಹೊಲದ ಕಡೆ ಕಾಲಿಟ್ಟಿಲ್ಲ. ಬೀರಸಿದ್ದಪ್ಪನವರು ಡಬ್ಬಿಯ ಮಣ್ಣು ಒರೆಸಿ ತಾಯಿಯವರ ಮುಂದೆ ಹಿಡಿದರು. ತಾಯಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಂದಲ್ಲ" ಎಂದು ಹೇಳಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡರು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಸಂಜೆಯ ಹೊತ್ತಿಗೆ ತಾವು ಬನ್ನಿಗಿಡದ ಕಡೆ ಹೊರಟಿರಿ. ಅಲ್ಲಿನ ಬೋಳು ಸಾಲನ್ನು ಊರ ಜನರೆಲ್ಲ ಬದುವಿನ ಮೇಲಿನಿಂದ ಕಾಣುವಂತಿತ್ತು. ನಾಲ್ಕು ಹಳ್ಳಿಯ ಅರ್ಜಿ ಬರೆಯುವವನ ಹೊಲದಲ್ಲಿ ಎಂಟು ಮಾರು ಬೋಳು. ನನಗೆ ತಡೆಯಲಾಗಲಿಲ್ಲ, ಓಡಿಹೋಗಿ ಆ ಬೋಳಿನ ತುದಿಯಲ್ಲಿ ಧೋತರ ಅಗಲಿಸಿ ನಿಂತುಬಿಟ್ಟೆ. ಊರೆಲ್ಲ ಲೋಹ ಬಿಚ್ಚಿಟ್ಟಿದ್ದರೂ ಹೊಲದ ಮಾಲಕನೆಂಬ ಗತ್ತಿನಲ್ಲಿ ನಾನು ಮೊಳೆ ಹೊಡೆದ ನನ್ನ ಹೊಸ ಚರ್ಮದ ಕೆರವನ್ನು ಕಾಲಿನಿಂದ ಬಿಟ್ಟಿರಲಿಲ್ಲ. ತಾವು ನನ್ನ ಕಾಲ ಬಳಿ ಬಂದು ಅಂದಿನ ದಿನದಲ್ಲೇ ಅತಿ ಸಣ್ಣ ದನಿಯಲ್ಲಿ, ಆದರೆ ಬಿಡದೆ, ಕುಂಯ್ ಎಂದಿರಿ. "ದುಂಡಪ್ಪನವರ, ನಿಮ್ಮ ಕೆರದ ಮೊಳಿ ಕೂಗಾಕತ್ತಾವ್ರಿ, ಸ್ವಲ್ಪ ಬಾಜೂ ಸರೀರಿ" ಎಂದು ಬೀರಸಿದ್ದಪ್ಪನವರು ಹೇಳಿದರು. ನಾನು ಸರಿದರೆ ಬೋಳು ಕಾಣುತ್ತಿತ್ತು. "ಇಲ್ಲೇನೂ ಇಲ್ಲರಿ, ಮುಂದ ನಡೀರಿ" ಎಂದೆ. ತಾವು ಮುಂದೆ ಹೋದಿರಿ, ಬ್ಯಾಟರಿ ಮುಗಿಯಿತು, ಹೊತ್ತು ಮುಳುಗಿತು.

ಕೇವಲ ನಾನು ಹೇಳಿದೆನೆಂದು ಹೊರಟುಹೋದದ್ದು ತಮ್ಮಂಥ ಘನವಂತರಿಗೆ ತಕ್ಕದ್ದಾಗಿತ್ತೇ ಎಂಬುದೇ ನನ್ನ ದೂರು. ಯುದ್ಧದಲ್ಲಿ ಯಾರಾದರೂ ಇಲ್ಲೇನೂ ಇಲ್ಲ ಎಂದಿದ್ದರೆ ತಾವು ಹೀಗೆಯೇ ಮುಂದೆ ಹೋಗುತ್ತಿದ್ದಿರಾ? ತಟ್ಟೆಯಿಂದ ನನ್ನ ಮೊಣಕಾಲಿಗೆ ಒಂದು ಪೆಟ್ಟು ಕೊಟ್ಟು ನನ್ನನ್ನು ಬದಿಗೆ ಉರುಳಿಸಬಹುದಿತ್ತು. ಮೊಳೆಗೊಂದು ರಾಗ, ಬಂಗಾರಕ್ಕೊಂದು ರಾಗ, ಹೆಂಡತಿಯ ಮಾನಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಇನ್ನೊಂದು ರಾಗ, ಹೀಗೆ ಬೇರೆ ಬೇರೆಯಾಗಿ ಕೂಗುವುದನ್ನು ತಾವು ಬೇಗನೆ ಕಲಿತುಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬದುವಿನ ಮೇಲೆ ಕುಳಿತಿದ್ದವರಲ್ಲಿ ಒಬ್ಬಳು ಮಾತ್ರ ತಮ್ಮ ಆ ಸಣ್ಣ ಕೂಗನ್ನು ಮನಸ್ಸಿನಲ್ಲಿಟ್ಟುಕೊಂಡಳು. ಸೋಮವಾರ ಬೆಳಗಾಗುತ್ತಲೇ ಬಾಳವ್ವ ಒಬ್ಬಳೇ ಬನ್ನಿಗಿಡಕ್ಕೆ ಹೋದಳು. ತನ್ನ ಕೈ ನಿದ್ದೆ ಮಾಡಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತಲ್ಲ. ಬೀಜ ಬಿಟ್ಟೂ ಸಾಲು ಬೋಳಾಗಿದ್ದರೆ ಕೊಳವೆಗೆ ಏನೋ ಅಡ್ಡ ಸಿಕ್ಕಿರಬೇಕು, ಅಡ್ಡ ಬಿದ್ದದ್ದು ಜಾರಿದ ಕಡೆ ತಡೆದ ಕಾಳೆಲ್ಲ ಒಂದೇ ಸಲ ಬಿದ್ದಿರಬೇಕು. ಹಾಗೆಯೇ ಆಗಿತ್ತು. ಬೋಳಿನ ತುದಿಯಲ್ಲಿ, ನನ್ನ ಕೆರದ ಗುರುತಿನ ಕೆಳಗೆ, ಒಂದು ಹಿಡಿ ಜೋಳ ಒಂದೇ ಕಡೆ ಒತ್ತಾಗಿ ಮೊಳೆತು ತುಳಿಸಿಕೊಂಡು ಮಲಗಿತ್ತು. ಅವಳು ನಾಲ್ಕು ಬೆರಳು ಆಳ ಕೆದರಿದಳು. ಕೆಂಪು ನೂಲು ಇನ್ನೂ ಉಂಗುರಕ್ಕೆ ಸುತ್ತಿಕೊಂಡೇ ಇತ್ತು.

ಗುಡಿಯ ಮುಂದೆ ಹಿರಿಯರು ಆಣೆಗೆ ಕಾಯುತ್ತಿದ್ದಾಗ ಬಾಳವ್ವ ಬಂದು ಉಂಗುರವನ್ನು ನನ್ನ ತಾಯಿಯವರ ಅಂಗೈಯಲ್ಲಿಟ್ಟಳು. "ಅತ್ತೀ, ನಿಮ್ಮ ಉಂಗರ ಮೂಡಲಗಿಗೆ ಹೋಗಿರಲಿಲ್ಲರಿ. ಬನ್ನಿಗಿಡದ ಮಟಾ ಹೋಗಿತ್ತಷ್ಟ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕೂಗಾಡದೆ, ರೊಟ್ಟಿ ಬೇಕೇನು ಎಂದು ಕೇಳುವ ದನಿಯಲ್ಲಿ ಹೇಳಿದ ಮಾತನ್ನು ಇಲ್ಲಿ ಇದ್ದಂತೆ ಬರೆಯುತ್ತೇನೆ. "ಆ ಮಿಷೀನಿಗೆ ಜೀವ ಇಲ್ಲ, ಅದೂ ಕೂಗಿ ಹೇಳ್ತು. ನಿಮಗ ಬಾಯಿ ಐತಿ, ನೀವು ಸುಮ್ಮನ ನಿಂತ್ರಿ. ನನ್ನ ಹೆಸರ ಕೆಟ್ಟದ್ದು ಮಂದಿ ಮುಂದ. ಮಂದಿ ಮುಂದನ ಅದನ್ನ ತೊಳೀರಿ, ಆಮ್ಯಾಲ ಕರಿಯಾಕ ಬರ್ರಿ." ಅಷ್ಟು ಹೇಳಿ ಮೂಡಲಗಿಯ ಹಾದಿ ಹಿಡಿದು ನಡೆದುಹೋದಳು. ಇಂದಿಗೆ ಮೂರು ವಾರವಾಯಿತು.

ಈ ಮೂರು ವಾರಗಳಲ್ಲಿ ಊರ ಜನರಿಗೆ ತಪ್ಪೊಪ್ಪಿಗೆಯ ಪತ್ರ ಬರೆಯಲು ಏಳು ಸಲ ಕುಳಿತೆ. ಮಾನ್ಯರೇ ಎಂದು ಬರೆದು ಮುಂದೆ ಹೋಗಲು ಆಗಲಿಲ್ಲ. ಮಂದಿಯ ಮೇಲೆ ದೂರು ಬರೆದು ಪಳಗಿದ ಕೈ ಇದು, ತನ್ನ ಮೇಲೆ ಬರೆಯಲು ಒಪ್ಪುವುದಿಲ್ಲ. ಆದ್ದರಿಂದ ತಮ್ಮ ಮೇಲೆ ದೂರು ಬರೆಯುತ್ತೇನೆಂದು ಅದಕ್ಕೆ ಸುಳ್ಳು ಹೇಳಿ ಇಲ್ಲಿಯವರೆಗೆ ನಡೆಸಿಕೊಂಡು ಬಂದೆ. ಇನ್ನು ಒಂದು ಸಾಲು ಉಳಿದಿದೆ, ಬರೆದುಬಿಡುತ್ತೇನೆ. ಬಾಳವ್ವ ಉಂಗುರ ಕದಿಯಲಿಲ್ಲ, ಪರಪ್ಪನವರ ಗಂಟಿನಲ್ಲಿ ರೊಟ್ಟಿ ಮತ್ತು ಹಿಂಡಿಯ ಹೊರತು ಏನೂ ಇರಲಿಲ್ಲ, ಅದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.

ಈ ಪತ್ರದ ಒಂದು ಪ್ರತಿಯನ್ನು ನಾಳೆ ಚಾವಡಿಯ ಗೋಡೆಗೆ ಅಂಟಿಸಿ, ಇನ್ನೊಂದನ್ನು ಕಿಸೆಯಲ್ಲಿಟ್ಟುಕೊಂಡು ಮೂಡಲಗಿಗೆ ಹೊರಡುತ್ತೇನೆ. ಮೊಳೆಯ ಕೆರ ಮನೆಯಲ್ಲೇ ಇರುತ್ತದೆ.

ತಮ್ಮ ತಟ್ಟೆಗೆ ಅಡ್ಡ ನಿಂತ ಪಾಪಿ, ಆದರೂ ತಮ್ಮ ವಿಶ್ವಾಸಿ,
ದುಂಡಪ್ಪ, ಮೇಲವಂಕಿ

ತಾ. ಕ.: ಓದು ಬಾರದವರಿಗಾಗಿ ಈ ಪತ್ರವನ್ನು ಚಾವಡಿಯಲ್ಲಿ ನಾನೇ ಗಟ್ಟಿಯಾಗಿ ಎರಡು ಸಲ ಓದುತ್ತೇನೆ. ಸೀತವ್ವನಿಗೂ ಬರಹೇಳಿದ್ದೇನೆ. ನನ್ನ ತಾಯಿಯವರು ಎಂದಿನಂತೆ ಎಲ್ಲರಿಗಿಂತ ಮುಂದೆ ಕುಳಿತು, ತಮ್ಮದಲ್ಲದ ಆ ಡಬ್ಬಿಯಿಂದ ಎಲೆಗೆ ಸುಣ್ಣ ಹಚ್ಚುತ್ತಿರುತ್ತಾರೆ.