ಚಿಕ್ಕಮ್ಮನ ಜಡೆ ನುಂಗಿದ ಗೋಡೆ

ಕಾಶಿಗೆ ಬಂದವರು ತಮಗೆ ಇಷ್ಟವಾದ ಏನಾದರೊಂದನ್ನು ಇಲ್ಲಿ ಬಿಟ್ಟು ಹೋಗುತ್ತಾರೆ. ಜಾಣರು ಹಾಗಲಕಾಯಿ ಬಿಡುತ್ತಾರೆ. ನಮ್ಮ ಚಿಕ್ಕಮ್ಮ ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಅವಳು ಬಿಟ್ಟದ್ದು ಸುಮ್ಮನೆ ಕೂರುವುದನ್ನು. ಇವಳನ್ನು ಹೆತ್ತ ಅಜ್ಜಿ ಬದುಕಿದ್ದರೆ, ಅದು ಮೊದಲಿನಿಂದಲೂ ಇರಲಿಲ್ಲ, ಕಾಶಿಯನ್ನು ದೂರಬೇಡ ಎನ್ನುತ್ತಿದ್ದಳೇನೋ.

ಚಿಕ್ಕಮ್ಮ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ; ಪುರುಸೊತ್ತಾಗಲಿಲ್ಲವಂತೆ. ನಿವೃತ್ತಿಯಾದ ವಾರವೇ ಹನುಮಾನ್ ಘಾಟಿನ ನಮ್ಮ ಮನೆಗೆ ಬಂದು, ಅಮ್ಮ ಬಡಿಸುತ್ತಿದ್ದ ಎಲೆಯ ಪಕ್ಕದಲ್ಲೇ ಒಂದು ನಕ್ಷೆ ಹರಡಿದಳು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ, ಚಕ್ರದ ಮೇಲಿನ ಪುಟ್ಟ ಮನೆ. ಅದನ್ನು ತಾನೇ ಕಟ್ಟುತ್ತಾಳಂತೆ. ಇಷ್ಟು ವರ್ಷ ಒಣಗಿಸಿ ಕಾಗದಕ್ಕೆ ಅಂಟಿಸಿದ ಎಲೆಗಳನ್ನು ತೋರಿಸಿ ಪಾಠ ಮಾಡಿದ್ದಾಯಿತು, ಇನ್ನು ಹಿಮಾಲಯಕ್ಕೆ ಹೋಗಿ ಆ ಗಿಡಗಳನ್ನೇ ಕಣ್ಣಾರೆ ಕಂಡು ಮಾತಾಡಿಸಿ ಬರುತ್ತಾಳಂತೆ.

ಅಮ್ಮ ಸಾರಿನ ಸೌಟು ಕೆಳಗಿಡದೆ ಕೇಳಿದಳು: "ಜೀಪು ಮುಂದಕ್ಕೆ ಓಡಿಸ್ತೀಯ, ಸರಿ. ಇದನ್ನ ಕಟ್ಕೊಂಡು ಹಿಂದಕ್ಕೆ ತಗೊಳೋಕೆ ಬರತ್ತೇನೇ ನಿಂಗೆ?"

"ಹಿಂದಕ್ಕೆ ಯಾಕಕ್ಕ ಬರ್ಬೇಕು?" ಎಂದಳು ಚಿಕ್ಕಮ್ಮ.

ಅಸ್ಸಿ ಘಾಟಿನ ಹಿಂದೆ ಅವಳ ಬಾಡಿಗೆ ಮನೆಗೊಂದು ಅಂಗಳವಿದೆ. ಅಲ್ಲೇ ವೆಲ್ಡಿಂಗ್ ಮಿಸ್ತ್ರಿಯೊಬ್ಬನನ್ನು ಕೂರಿಸಿಕೊಂಡು ಕಬ್ಬಿಣದ ಹಂದರ ಎಬ್ಬಿಸಿದಳು. ಹಾದುಹೋಗುವವರೆಲ್ಲ ಗೇಟಿನ ಮೇಲೆ ಕೈಯೂರಿ, "ಈ ಕಾ ಬನತ್ ಹೌ, ಮಾತಾಜಿ?" ಎಂದು ವಿಚಾರಿಸುವವರೇ. ಏನು ಕಟ್ಟುತ್ತಿದ್ದೀರಿ ಎಂದು ಕೇಳುವುದು ಬರೀ ಮರ್ಯಾದೆಗೆ, ಉತ್ತರವನ್ನು ಅವರೇ ತಂದಿರುತ್ತಿದ್ದರು. ಕಟ್ಟುತ್ತಿರುವವಳು ದಕ್ಷಿಣದವಳು, ಅಂದಮೇಲೆ ದೋಸೆ ಗಾಡಿಯಲ್ಲದೆ ಇನ್ನೇನು? ಅಲ್ಲವೆಂದು ಹೇಳಿ ಹೇಳಿ ಸಾಕಾದ ಚಿಕ್ಕಮ್ಮ, ಬುಧವಾರದಿಂದ ಶುರು ಎಂದುಬಿಟ್ಟಳು. ಬುಧವಾರ ಬೆಳಿಗ್ಗೆ ಎಂಟು ಜನ ವಿದ್ಯಾರ್ಥಿಗಳು ಬಂದು ಸಾಲಾಗಿ ನಿಂತಿದ್ದರು. ಪಾಪ, ಒಳಗೆ ಕರೆದು ಉಪ್ಪಿಟ್ಟು ಹಾಕಿ ಕಳಿಸಿದಳು.

ಹೊರಗೆ ತಗಡು, ಒಳಗೆ ಪ್ಲೈವುಡ್, ನಡುವೆ ಎರಡು ಇಂಚು ಖಾಲಿ. ಆ ಎರಡು ಇಂಚೇ ಮನೆಯ ಪ್ರಾಣ ಎಂಬುದು ಚಿಕ್ಕಮ್ಮನ ವಾದ. ಬರೀ ತಗಡಿನ ಡಬ್ಬವಾದರೆ ನಮ್ಮೂರ ಮೇ ತಿಂಗಳಲ್ಲಿ ಒಳಗಿದ್ದವರು ಬೇಯುತ್ತಾರೆ, ಬೆಟ್ಟದ ಚಳಿಯಲ್ಲಿ ಕಲ್ಲಾಗುತ್ತಾರೆ. ಆದ್ದರಿಂದ ಸಂದಿಗೆ ಫೋಮ್ ತುಂಬಬೇಕು. ಯಾವ ಫೋಮ್? ಅಂಗಡಿಯವನ ಮಾತು ನಂಬುವ ಹೆಂಗಸೇ ಅವಳು? ನಾಲ್ಕು ಬಗೆಯ ಫೋಮಿನಲ್ಲಿ ನಾಲ್ಕು ಪೆಟ್ಟಿಗೆ ಮಾಡಿ, ಒಳಗೆ ಒಂದೇ ಅಳತೆಯ ಐಸ್ ಇಟ್ಟು, ಸುಡುವ ಬಿಸಿಲಲ್ಲಿ ತಾರಸಿಯ ಮೇಲೆ ಸಾಲಾಗಿ ಜೋಡಿಸಿದಳು. ಯಾವುದರಲ್ಲಿ ಐಸ್ ಕೊನೆಯವರೆಗೆ ಉಳಿಯುತ್ತದೋ ಅದೇ ಗೆದ್ದಂತೆ. ಅರ್ಧ ಗಂಟೆಗೊಮ್ಮೆ ಮೇಲೆ ಹೋಗಿ ನೋಡಿ ಬರುವ ಕೆಲಸ ನನ್ನದು. ಗ್ರಂಥಾಲಯದ ಕೆಲಸದಲ್ಲಿ ನನಗೆ ಸಿಗುವುದೇ ಒಂದು ಭಾನುವಾರ, ಅದೂ ಐಸ್ ಜೊತೆ ಕರಗಿತು. ಮೂರನೇ ಸಲ ಹೋಗುವಷ್ಟರಲ್ಲಿ ಕೋತಿಯೊಂದು ಪೆಟ್ಟಿಗೆ ಹರಿದು, ಗೋಡೆಯ ಮೇಲೆ ಕೂತು ನೆಮ್ಮದಿಯಾಗಿ ಐಸ್ ಚೀಪುತ್ತಿತ್ತು. ಚಿಕ್ಕಮ್ಮ ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದಳು: "ಮೂರನೇ ಮಾದರಿ. ಶಾಖ ತಡೆಯುತ್ತದೆ. ಕೋತಿ ತಡೆಯುವುದಿಲ್ಲ."

ಗೆದ್ದ ಫೋಮಿನ ಹಾಳೆಗಳನ್ನು ಇ-ರಿಕ್ಷಾದ ಮೇಲೆ ಕಟ್ಟಿ ತಂದೆವು. ಬಾಗಿಲಿನಷ್ಟು ದೊಡ್ಡದು, ಹಪ್ಪಳದಷ್ಟು ಹಗುರ. ಗಾಳಿ ಬೀಸಿತು ನೋಡಿ, ಒಂದು ಹಾಳೆ ಹಗ್ಗ ಬಿಡಿಸಿಕೊಂಡು ಹಾರಿ, ರಸ್ತೆಯ ನಟ್ಟನಡುವೆ ಮಲಗಿದ್ದ ಗೂಳಿಯ ಬೆನ್ನ ಮೇಲೆ ಚಪ್ಪರದ ಹಾಗೆ ಕೂತಿತು. ಎರಡೂ ಕಡೆ ಆಟೋಗಳು ನಿಂತವು. ಯಾರೋ ಒಬ್ಬರು ಕೈ ಮುಗಿದರು. ಗೂಳಿಗೆ ಅಂಥ ನೆರಳು ಜನ್ಮದಲ್ಲಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಏನು ಮಾಡಿದರೂ ಏಳಲೊಲ್ಲದು. ನಾನು ನಾಚಿಕೆಯಿಂದ ಇಳಿದುಹೋಗುತ್ತಿದ್ದರೆ ಚಿಕ್ಕಮ್ಮ ಮಾತ್ರ ಹಿಗ್ಗಿನಲ್ಲಿದ್ದಳು. "ನೋಡ್ದೇನೇ? ಎಷ್ಟು ತಂಪಾಗಿದೆ ಅಂತ ಅದಕ್ಕೂ ಗೊತ್ತಾಗೋಯ್ತು."

ಹಾಳೆಗಳನ್ನು ಅಳತೆಗೆ ಕೊಯ್ಯುವುದು ನಾವೇ, ಅಡುಗೆಮನೆಯ ಬ್ರೆಡ್ ಚಾಕುವಿನಲ್ಲಿ. ಕೊಯ್ದಂತೆಲ್ಲ ಬಿಳಿ ಪುಡಿ ಹಾರಿ ಮೈಗೆ ಮೆತ್ತುತ್ತದೆ, ಕೊಡವಿದರೆ ಇನ್ನಷ್ಟು ಮೆತ್ತುತ್ತದೆ. ಸಂಜೆ ಮನೆಗೆ ಹೊರಟರೆ ನಾನು ಕಾಯಿತುರಿಯಲ್ಲಿ ಹೊರಳಿಸಿದ ಲಾಡಿನ ಹಾಗಿರುತ್ತಿದ್ದೆ.

ಹಾಳೆ ಕೂರಿಸಿದ ಮೇಲೂ ಅಂಚಿನಲ್ಲಿ ಸಂದಿಗಳು ಉಳಿದವು. ಅದಕ್ಕೆ ಡಬ್ಬದಿಂದ ಬುಸ್ಸೆಂದು ಬಂದು, ತಾನೇ ಉಬ್ಬಿ ಗಟ್ಟಿಯಾಗುವ ಫೋಮ್ ಇದೆ. ಸಂದಿಯ ಮೂರನೇ ಒಂದು ಭಾಗ ಮಾತ್ರ ತುಂಬಿ ಎಂದು ಡಬ್ಬದ ಮೇಲೆ ಬರೆದಿತ್ತು. ನಾನು ಓದಿಯೂ ಹೇಳಿದೆ. ಮನೆಗೆ ಬಂದವರಿಗೆ ಮೂರನೇ ಒಂದು ಲೋಟ ಕಾಫಿ ಕೊಡುತ್ತೇವೆಯೇ ಎಂದು ಕೇಳಿ ಚಿಕ್ಕಮ್ಮ ಧಾರಾಳವಾಗಿ ತುಂಬಿದಳು. ತುಂಬಿ, ದಣಿದು, ಆ ಗೋಡೆಗೇ ಒರಗಿ ಕೂತು ಮಜ್ಜಿಗೆ ಕುಡಿದಳು. ಏಳಲು ಹೋದರೆ ತಲೆ ಏಳಲಿಲ್ಲ! ಫೋಮ್ ಉಬ್ಬಿ ಉಬ್ಬಿ, ಮೊಳದುದ್ದದ ಅವಳ ನರೆತ ಜಡೆಯನ್ನು ಹಾವು ಕಪ್ಪೆ ನುಂಗಿದ ಹಾಗೆ ಅರ್ಧ ನುಂಗಿತ್ತು. ನಾನು ಎಳೆದೆ, ಮಿಸ್ತ್ರಿ ರಾಮ ರಾಮ ಎಂದ. ಎಣ್ಣೆ ಹಚ್ಚಿದ್ದಾಯಿತು, ಸೀಮೆಎಣ್ಣೆಯೂ ಆಯಿತು. ಕೊನೆಗೆ ಚಿಕ್ಕಮ್ಮನೇ ಕತ್ತರಿ ಕೇಳಿದಳು. ಪ್ರಯಾಗದಲ್ಲಿ ಹೆಂಗಸರು ವೇಣಿದಾನ ಮಾಡುತ್ತಾರೆ, ಜಡೆಯ ತುದಿ ಕತ್ತರಿಸಿ ಸಂಗಮಕ್ಕೆ ಬಿಡುತ್ತಾರೆ. ನಮ್ಮ ಚಿಕ್ಕಮ್ಮ ಗೋಡೆಗೆ ಮಾಡಿದಳು. ಅದರ ಮೇಲೆ ಪ್ಲೈವುಡ್ ಬಡಿದರೆ ಅದು ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂತು. ಅಲ್ಲಿಗೆ ದಿಂಬೇ ಬೇಡ ಎಂದು ಅದನ್ನೂ ಅನುಕೂಲವಾಗಿಯೇ ಲೆಕ್ಕ ಹಿಡಿದಳು.

ಹೀಗಿರುವಾಗ ನಮ್ಮ ಗಲ್ಲಿಯ ಪುರೋಹಿತರು ಬಂದರು. ಊರ ಕಡೆಯಿಂದ ಅಪರಕರ್ಮಕ್ಕೆ ಬರುವ ಕುಟುಂಬಗಳ ವ್ಯವಸ್ಥೆಯೆಲ್ಲ ಅವರದೇ. ಗಾಡಿಯನ್ನು ಸುತ್ತಿ, ಗೋಡೆ ತಟ್ಟಿ ನೋಡಿ, ಬಹಳ ಸಂಕೋಚದಿಂದ ವಿಷಯಕ್ಕೆ ಬಂದರು. ಒಳಗೆ ಐಸ್ ಇಟ್ಟರೆ ಇದು ಎಷ್ಟು ಹೊತ್ತು ತಂಪಾಗಿರುತ್ತದೆ? ಮಕ್ಕಳು ಊರಿಂದ ಬರುವವರೆಗೆ ದೇಹ ಇಟ್ಟುಕೊಳ್ಳುವುದು ಎಲ್ಲರಿಗೂ ಕಷ್ಟವಾಗಿದೆ.

"ಇದು ಬದುಕಿರೋರಿಗೆ ಭಟ್ರೇ," ಎಂದಳು ಚಿಕ್ಕಮ್ಮ. ಇಂಥ ಮಾತಿಗೆ ನಗುತ್ತಿದ್ದವಳು ಅವತ್ತು ನಗಲಿಲ್ಲ.

ಅಕ್ಟೋಬರಿನಲ್ಲಿ ಗಾಡಿ ಮುಗಿಯಿತು. ನಮ್ಮ ಗಲ್ಲಿಯಲ್ಲಿ ಎರಡು ಹಸು ಎದುರುಬದುರಾದರೇ ಕಷ್ಟ, ಆದ್ದರಿಂದ ಚಿಕ್ಕಮ್ಮ ಅದನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಮೂರನೇ ಮಹಡಿಯ ನಮ್ಮ ಮನೆಗೆ ಹತ್ತಿ ಬಂದಳು. ಅಕ್ಕ ಬಂದು ಒಂದು ಸಲ ನೋಡಬೇಕು, ಅಷ್ಟೇ, ಎಂದಳು.

ಅಷ್ಟೇ ಎಂದರೂ ಅದು ಸಣ್ಣ ಮಾತಾಗಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಹೋದರು. ಅವರನ್ನು ದೋಣಿಯಲ್ಲಿ ಮಣಿಕರ್ಣಿಕೆಗೆ ಒಯ್ದಾಗ, ಹೆಂಗಸರು ಬರಬಾರದೆಂದು ಹೇಳಿದ್ದರಿಂದ, ಅಮ್ಮ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ದೋಣಿ ಮರೆಯಾಗುವವರೆಗೆ ನೋಡಿದ್ದಳು. ಆಮೇಲೆ ಅವಳು ಮೆಟ್ಟಿಲಿಳಿದದ್ದಿಲ್ಲ. ಬೆಳಿಗ್ಗೆ ಕಾಫಿಯಾದ ಮೇಲೆ ಅದೇ ಕಿಟಕಿಯ ಬಳಿ ಕೂರುತ್ತಿದ್ದಳು. ಊರಿಂದ ಬಂದ ನೆಂಟರು, ಕೂತಲ್ಲಿಂದಲೇ ಗಂಗಾದರ್ಶನ, ಎಂಥ ಪುಣ್ಯ ಎನ್ನುತ್ತಿದ್ದರು. ನಾವೂ ಅದನ್ನು ಭಕ್ತಿಯೆಂದೇ ತಿಳಿದು ಸುಮ್ಮನಿದ್ದೆವು.

ತಂಗಿಯ ಮೋಟು ಜಡೆ ನೋಡಿ ಬೈಯುತ್ತಲೇ ಅಮ್ಮ ನನ್ನ ಕೈ ಹಿಡಿದು ಇಳಿದಳು. ಬೈಯುತ್ತಲೇ ಗಾಡಿ ಹತ್ತಿ, ಮಂಚದ ಮೇಲೆ ಕೂತಳು. ಚಿಕ್ಕಮ್ಮ ಬಾಗಿಲು ಹಾಕಿದಳು. ರಸ್ತೆಯ ಹಾರನ್‌ಗಳೆಲ್ಲ ಯಾರೋ ಕಂಬಳಿ ಹೊದಿಸಿದಂತೆ ದೂರವಾದವು. ಕಿಟಕಿಯಲ್ಲಿ ಕಂಡದ್ದು ಎದುರಿನ ಪಾನ್ ಅಂಗಡಿಯ ಗೋಡೆ, ಅದರ ಮೇಲೆ ಒಣಹಾಕಿದ ಒಂದು ಹಸಿರು ಲಂಗ. ಅಮ್ಮ ಅದನ್ನೇ ಬಹಳ ಹೊತ್ತು ನೋಡಿದಳು.

"ಇಲ್ಲಿಂದ ಗಂಗೆ ಕಾಣಲ್ಲ ಅಲ್ವೇನೇ?"

ಬೆಟ್ಟದಲ್ಲಿ ಇದೇ ಕಿಟಕಿಯಿಂದ ಏನೇನು ಕಾಣುತ್ತದೆಂದು ಹೇಳಹೊರಟ ಚಿಕ್ಕಮ್ಮ ತಡೆದು, "ಇಲ್ಲ ಅಕ್ಕ," ಎಂದಳು.

"ಸದ್ಯ," ಎಂದಳು ಅಮ್ಮ. "ದಿನಾ ಅವರು ಹೋದ ದಾರೀನೇ ನೋಡಿ ನೋಡಿ ಸಾಕಾಗಿದೆ ಕಣೇ. ಮುಖ ತಿರುಗಿಸಿ ಕೂತ್ರೆ ನೀವೆಲ್ಲ ಏನಂದ್ಕೊತೀರೋ ಅಂತ ಕೂತಿದ್ದೆ."

ಚಿಕ್ಕಮ್ಮ ಅವಳ ಪಕ್ಕದಲ್ಲಿ ಕೂತು, ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಇಬ್ಬರೂ ಆ ಲಂಗವನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ನನ್ನ ಕಡೆ ತಿರುಗಿ, ಟ್ರಂಕಿನಲ್ಲಿರುವ ಕಂದು ಸ್ವೆಟರು, ಬಿ.ಪಿ. ಮಾತ್ರೆ, ಎರಡು ಸೀರೆ ತೆಗೆದುಕೊಂಡು ಬಾ ಎಂದಳು.

ನಾನು ಒಂದೇ ಉಸಿರಿಗೆ ಮಹಡಿ ಹತ್ತಿದೆ. ಎಲ್ಲ ಚೀಲಕ್ಕೆ ಹಾಕಿಕೊಂಡು, ಹೊರಡುವ ಮುಂಚೆ ನದಿಯ ಕಡೆಯ ಕಿಟಕಿಯ ಬಾಗಿಲು ಎಳೆದೆ. ಎರಡು ವರ್ಷ ಮುಚ್ಚಿರಲಿಲ್ಲ, ಚಿಲಕ ತುಕ್ಕು ಹಿಡಿದಿತ್ತು. ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಭುಜ ಕೊಟ್ಟು ತಳ್ಳಿದ ಮೇಲೆ ಕೂತಿತು.