ನಮ್ಮ ದೊಡ್ಡಕ್ಕನನ್ನು ಹಿಂದಿರುಗಿಸುವ ಕುರಿತು

ಸಂಘಸಂಸ್ಥೆಗಳ ಸಾಮರ್ಥ್ಯವರ್ಧನಾ ಕೇಂದ್ರದ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ನಡೆಯುವ, ಕಿವಿ ಕೇಳದ ಮಕ್ಕಳ ತಂದೆತಾಯಿಗಳ ಸಂಘದ ಕಾರ್ಯದರ್ಶಿಯೂ ವೃತ್ತಿಯಿಂದ ದರ್ಜಿಯೂ ಆದ ನಾನು, ತಮಗೂ, ತಮ್ಮ ಪ್ರೊಜೆಕ್ಟರಿಗೂ, ಅದನ್ನು ಹೊತ್ತು ನಮ್ಮ ಕಿರಿದಾದ ಮೆಟ್ಟಿಲು ಹತ್ತಿದ ತಮ್ಮ ಚಾಲಕರ ಸೊಂಟಕ್ಕೂ ಸಕಲ ಕ್ಷೇಮವನ್ನು ಹಾರೈಸಿ ಮಾಡಿಕೊಳ್ಳುವ ಬಿನ್ನಹವೇನೆಂದರೆ, ತಾವು ನಮ್ಮನ್ನು ಬಲಪಡಿಸಿದ್ದು ಸಾಕು.

ತಾವು ಬರುವ ಮುನ್ನ ನಾವೆಷ್ಟು ದುರ್ಬಲರೆಂಬುದು ನಮಗೇ ತಿಳಿದಿರಲಿಲ್ಲ. ಸಂಜೆಯಾದರೆ ಮಕ್ಕಳು ಬರುತ್ತಿದ್ದರು. ಹುಟ್ಟುಕಿವುಡನಾದ ತಮ್ಮನ ಜೊತೆ ಬೆಳೆದು ಕೈಸನ್ನೆಯ ಭಾಷೆಯನ್ನು ಅರೆದು ಕುಡಿದ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ನಮ್ಮ ಏಕೈಕ ಶಿಕ್ಷಕಿ ಅವರಿಗೆ ಕಲಿಸುತ್ತಿದ್ದರು. ಗೋಡೆಗೊರಗಿ ಕೂತ ಅಪ್ಪ ಅಮ್ಮಂದಿರಾದ ನಾವೂ ತಪ್ಪುತಪ್ಪಾಗಿ ಕೈಯಾಡಿಸಿ, "ಅಯ್ಯೋ ದೇವ್ರೇ, ಊಟ ಆಯ್ತಾ ಅಂತ ಕೇಳಿ ಅಂದ್ರೆ ಸೊಳ್ಳೆ ಹೊಡೀತೀರಲ್ರೀ!" ಎಂದು ಅವರಿಂದ ಬೈಸಿಕೊಳ್ಳುತ್ತಿದ್ದೆವು. ಇಷ್ಟನ್ನೇ ದೊಡ್ಡ ಕೆಲಸವೆಂದು ತಿಳಿದು ಬೀಗುತ್ತಿದ್ದ ನಮಗೆ, "ನಿಮಗೆ ದೂರದೃಷ್ಟಿಯೇ ಇಲ್ಲ" ಎಂದು ತಾವು ತಿಳಿಸಿಕೊಟ್ಟಾಗ ನಿಜಕ್ಕೂ ನಾಚಿಕೆಯಾಯಿತು.

ಹಗಲಿಡೀ ದುಡಿಯುವ ನಮಗೆ ಬಿಡುವು ಸಂಜೆಯೇ ಆದ್ದರಿಂದ ತಾವು ಕೊಟ್ಟ ತರಬೇತಿಯೂ ಸಂಜೆಯೇ ಆಯಿತು. ಕೋಣೆ ಒಂದೇ ಆದ್ದರಿಂದ ಮಕ್ಕಳು ಮೆಟ್ಟಿಲಿಗೆ ಹೋದರು. ನಾವು ಬಣ್ಣದ ಚೀಟಿಗಳನ್ನು ಒಂದು ಗೋಡೆಗೆ ಅಂಟಿಸಿ, ಕಿತ್ತು, ಎದುರಿನ ಗೋಡೆಗೆ ಅಂಟಿಸಿದೆವು. ತೂಕಡಿಕೆ ಬಂದಾಗಲೆಲ್ಲ ತಮ್ಮ ಅಪ್ಪಣೆಯಂತೆ ಎದ್ದು ನಿಂತು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದೆವು. ಪಂಕ್ಚರ್ ಅಂಗಡಿಯ ನಮ್ಮ ಅಧ್ಯಕ್ಷರು ಈಗ ಹೆಂಡತಿಯನ್ನೂ ತರಬೇತಿಯಲ್ಲಿ ಕಲಿತಂತೆ "ಭಾಗೀದಾರರೇ" ಎಂದು ಕರೆಯುತ್ತಾರಂತೆ; ಆ ಮನೆಯಲ್ಲಿ ಆಗಿರುವ ಬದಲಾವಣೆಯ ಬಗ್ಗೆ ಆಕೆಯ ಅಭಿಪ್ರಾಯವನ್ನು ಇಲ್ಲಿ ಬರೆಯುವಂತಿಲ್ಲ.

ಕೊನೆಯ ದಿನ ತಾವು, ಸಂಘದ ಅತಿ ದೊಡ್ಡ ಶಕ್ತಿ ಯಾವುದೆಂದು ಕೇಳಿದಿರಿ. ನಾವು ಪೆದ್ದರು, ಎಲ್ಲರೂ ಒಟ್ಟಿಗೆ ದೊಡ್ಡಕ್ಕನತ್ತ ಬೆರಳು ತೋರಿಸಿದೆವು. ಒಡವೆ ಎಲ್ಲಿದೆ ಎಂದು ಕೇಳಿದವರಿಗೆ ಬೀರುವಿನ ಕೀಲಿಕೈಯನ್ನೂ ಕೊಟ್ಟಂತಾಯಿತು. ಮರು ತಿಂಗಳೇ ತಾವು ಅವರನ್ನು ತಮ್ಮ ಕೇಂದ್ರದ ಸಂಪನ್ಮೂಲ ವ್ಯಕ್ತಿಯನ್ನಾಗಿ ನೇಮಿಸಿ ಕರೆದೊಯ್ದಿರಿ. "ಸಂಬಳ ಸರಿಯಾಗಿ ಬರುತ್ತೆ, ನನ್ನ ತಮ್ಮನ್ನೂ ಜೊತೇಲಿ ಇಟ್ಕೋಬಹುದು, ನೀವೇ ಹೇಳಿ, ಹೋಗ್ಬೇಡ ಅಂತೀರಾ?" ಎಂದು ಅವರು ಕಣ್ಣೊರೆಸಿಕೊಂಡು ಕೇಳಿದಾಗ ಹೋಗಿಬನ್ನಿ ಎಂದು ನಾವೇ ಹೇಳಿ ಕಳಿಸಿದೆವು. ಅವರ ಮೇಲೆ ನಮಗೆ ಎಳ್ಳಷ್ಟೂ ಸಿಟ್ಟಿಲ್ಲ. ಇರುವಷ್ಟನ್ನೂ ತಮಗೇ ಮೀಸಲಿಟ್ಟಿದ್ದೇವೆ. ಈಗ ಅವರು ಊರೂರು ತಿರುಗಿ, ಪರದೆಯ ಮೇಲೆ ನಮ್ಮ ಕೋಣೆಯ ಚಿತ್ರ ತೋರಿಸಿ, ಮಾದರಿ ಸಂಘವೊಂದು ಹೇಗೆ ನಡೆಯುತ್ತದೆಂದು ವಿವರಿಸುತ್ತಾರಂತೆ. ಚಿತ್ರದಲ್ಲಿ ಮಕ್ಕಳಿದ್ದಾರೆ, ಕೋಣೆಗೆ ಬೀಗ ಬಿದ್ದಿದೆ.

ನನ್ನ ಮಗಳಿಗೆ ಏಳು ವರ್ಷ. ದೊಡ್ಡಕ್ಕನ ಬಳಿ ಕಲಿತ ಮೇಲೆ ಅವಳು ಮೊದಲ ಸಲ ನನ್ನೊಡನೆ ಜಗಳವಾಡಿದ್ದು ಅಂಗಿಯ ತೋಳು ಗಿಡ್ಡವಾಯಿತೆಂದು. ಹೊಲಿಗೆಗೆ ಹೆಸರಿಟ್ಟರೆ ಹಾರಾಡುವ ನಾನು ಅಂದು ಖುಷಿಯಿಂದ ಅತ್ತುಬಿಟ್ಟೆ. ಕಳೆದ ವಾರ ಅವಳು ಕೈಯಾಡಿಸಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದಳು, ನಿಧಾನವಾಗಿ, ದಡ್ಡನಿಗೆ ಹೇಳುವ ಹಾಗೆ. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಏನು ಕೇಳಿದಳೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತುಮಾಡಿ ಹೇಳಬಲ್ಲವರು ತಮ್ಮ ಕಾರಿನಲ್ಲಿ ಯಾವುದೋ ಊರಿಗೆ ಹೊರಟಿದ್ದಾರೆ.

ಆದಕಾರಣ ತಾವು ದಯಮಾಡಿ ನಮ್ಮನ್ನು ಮೊದಲಿನಷ್ಟೇ ದುರ್ಬಲರನ್ನಾಗಿಸಿ, ಕೊಟ್ಟ ದೂರದೃಷ್ಟಿಯನ್ನು ಹಿಂಪಡೆದು, ದೊಡ್ಡಕ್ಕನನ್ನು ಮರಳಿಸಬೇಕು. ಅದು ಕೇಂದ್ರದ ನಿಯಮಕ್ಕೆ ಒಗ್ಗದಿದ್ದರೆ ವಾರಕ್ಕೊಂದು ಸಂಜೆಯಾದರೂ ಕಳಿಸಿಕೊಡಬೇಕು. ಅದೂ ಆಗದೆಂದಾದರೆ, ನಮ್ಮ ಒಬ್ಬೊಬ್ಬ ಮಗುವನ್ನೂ ಒಂದೊಂದು ಸಂಸ್ಥೆಯೆಂದು ನೋಂದಾಯಿಸಲು ನಾವು ತಯಾರಿದ್ದೇವೆ. ಆಗ ಅವರ ಸಾಮರ್ಥ್ಯವನ್ನು ವರ್ಧಿಸಲೆಂದು ತಾವು ಸಂಪನ್ಮೂಲ ವ್ಯಕ್ತಿಯನ್ನು ಕಳಿಸಲೇಬೇಕಾಗುತ್ತದೆ. ಯಾರನ್ನು ಕಳಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಇನ್ನಷ್ಟು ಬಲಗೊಳ್ಳುವ ಶಕ್ತಿ ಉಳಿದಿಲ್ಲದ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ತಾ.ಕ.: ಪರಿಚಯವಾದವರಿಗೆಲ್ಲ ಕೈಸನ್ನೆಯಲ್ಲೇ ಒಂದು ಹೆಸರಿಡುವುದು ನಮ್ಮ ಮಕ್ಕಳ ವಾಡಿಕೆ. ಸೂಜಿಗೆ ದಾರ ಪೋಣಿಸಿದರೆ ನಾನು, ಪಂಪು ಒತ್ತಿದರೆ ಅಧ್ಯಕ್ಷರು, ಸೊಂಟದ ಮೇಲೆ ಕೈಯಿಟ್ಟರೆ ದೊಡ್ಡಕ್ಕ. ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದ ತಮ್ಮನ್ನು ಅಷ್ಟು ದಿನ ನೋಡಿದ ಅವರು ತಮಗೂ ಒಂದು ಹೆಸರಿಟ್ಟಿದ್ದಾರೆ: ಮೊದಲು ಜೋರಾಗಿ ಚಪ್ಪಾಳೆ, ಆಮೇಲೆ ಎರಡೂ ಖಾಲಿ ಅಂಗೈ. ಇದೊಂದು ಮಾತ್ರ ನಮಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಯಿತು.