ಮಾವನ ಮೋಟರ್ ಮೆಸೇಜು

ನನ್ನ ಸೋದರಮಾವ ಫೋನಿನಲ್ಲಿ ನೇರವಾಗಿ ವಿಷಯಕ್ಕೆ ಬಂದದ್ದನ್ನು ಕೇಳಿದವರು ಕೊಡಿಗೇನಹಳ್ಳಿಯಲ್ಲಿ ಯಾರೂ ಇಲ್ಲ. ಬಂದಿರಲೂಬಹುದು, ಅಷ್ಟು ಹೊತ್ತಿಗೆ ಆ ಕಡೆಯ ಫೋನಿನ ಚಾರ್ಜು ಮುಗಿದಿರುತ್ತದೆ! ಅವರದು ಸುಟ್ಟ ಬೋರ್‌ವೆಲ್ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಮೋಟರ್ ರೆಡಿ, ಬಂದು ಒಯ್ಯಿರಿ ಎಂದು ಗಿರಾಕಿಗೆ ಹೇಳಬೇಕು, ಅಷ್ಟೇ ತಾನೆ? ಮಾವ ಶುರು ಮಾಡುವುದು ಅವನ ಹಸುವಿನಿಂದ. ಕರು ಹಾಕ್ತಾ, ಮಗಳ ಬಾಣಂತನ ಆಯ್ತಾ, ನಿಮ್ಮಪ್ಪನ ಕೆಮ್ಮು ನಿಂತಿತಾ. ಪಾವಗಡದ ಕಡೆಯವನಾದರೆ ಮಕ್ಕಳು ಚೆನ್ನಾಗಿದ್ದಾರಾ ಎಂದು ತೆಲುಗಿನಲ್ಲಿ ‘ಪಿಲ್ಲಲು ಬಾಗುನ್ನಾರಾ’. ಕೊನೆಗೆ ‘ಸರಿ, ಇಡ್ತೀನಿ’ ಎಂದು ಇಟ್ಟೇಬಿಡುವರು. ಮೋಟರಿನ ವಿಷಯ ಹೇಳಲು ಮತ್ತೆ ಫೋನು ಮಾಡಬೇಕು. ಮತ್ತೆ ಮಾಡಿದರೆ ಮತ್ತೆ ಹಸುವಿನಿಂದಲೇ!

‘ನೇರವಾಗಿ ಹೇಳಿದ್ರೆ ಏನಾಗುತ್ತೆ ಮಾವ?’ ಎಂದು ಒಮ್ಮೆ ಕೇಳಿದ್ದೆ.

‘ನೇರ್ವಾಗಿ ಬರೋದು ಸಾವಿನ ಸುದ್ದಿ ಕಣಮ್ಮ’ ಎಂದಿದ್ದರು.

ಇಂಥ ಮನುಷ್ಯನ ಗಂಟಲಿಗೇ ಬರಬೇಕೆ ಕಾಯಿಲೆ? ಹೋದ ವರ್ಷ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಕ್ಕದಲ್ಲಿ ಕೂತರೆ ಪಿಸುಮಾತು ಕೇಳುತ್ತದೆ, ಫೋನಿನಲ್ಲಿ ಬರೀ ಗಾಳಿ. ಗಿರಾಕಿಗಳು ‘ಹಲೋ ಹಲೋ’ ಎಂದು ಇಟ್ಟುಬಿಡುತ್ತಿದ್ದರು. ಅತ್ತೆ ಫೋನು ಕೈಗೆ ತೆಗೆದುಕೊಂಡರು. ಅತ್ತೆಯದು ಒಂದೇ ಮಾತು: ‘ಮೋಟ್ರು ಆಗೈತೆ, ಬನ್ನಿ.’ ಆಮೇಲೆ ಕಟ್. ಕೇಳಿದವರು ಹೌಹಾರಿದರು. ಐ.ಡಿ.ಹಳ್ಳಿಯವನೊಬ್ಬ ಹಾರ ಹಿಡಿದುಕೊಂಡೇ ಬಂದ! ಬಾಗಿಲಲ್ಲಿ ಮಾವನೇ ಕೂತಿದ್ದುದನ್ನು ಕಂಡು, ಹಾರವನ್ನು ಅಂಗಡಿಯ ದೇವರ ಫೋಟೋಗೆ ಹಾಕಿ, ‘ಚೆನ್ನಾಗಿದ್ದೀಯೇನಣ್ಣ’ ಎಂದ. ಮಿಕ್ಕವರು ಮಾವನಿಗೆ ತಮ್ಮ ಮೇಲೆ ಕೋಪವೆಂದು ತಿಳಿದು ಹಿಂದೂಪುರದ ಅಂಗಡಿಗಳ ದಾರಿ ಹಿಡಿದರು.

‘ಹಿಂಗೇ ಆದ್ರೆ ಯುಗಾದಿ ಹೊತ್ಗೆ ಬಾಗ್ಲು ಹಾಕೋದೇಯ’ ಎಂದರು ಅತ್ತೆ. ಅಂಗಡಿಯಿಲ್ಲದ ಮಾವನನ್ನು ನೆನೆಸಿಕೊಂಡು ನನಗೆ ಸಂಕಟವಾಯಿತು.

ನಾನು ಮಧುಗಿರಿಯಲ್ಲಿ ವೆಬ್‌ಸೈಟು ಮಾಡಿಕೊಡುವವಳು. ಗಿರಾಕಿಯ ಹೆಸರು ಒತ್ತಿದರೆ ಮೆಸೇಜು ಹೋಗುವಂತೆ ಅಂಗಡಿಗೊಂದು ಪುಟ ಮಾಡಿದೆ. ಪುಟ ಸುಲಭ. ಅದನ್ನು ಮೊಬೈಲ್ ಕಂಪನಿಗಳಿಗೆ ಜೋಡಿಸುವುದಿದೆಯಲ್ಲ, ಅದು ಗಂಡಿನ ಕಡೆಯವರನ್ನು ಒಪ್ಪಿಸುವುದಕ್ಕಿಂತ ಕಷ್ಟ! ಅಂಗಡಿ ಯಾರದು, ಯಾವ ಹೆಸರಲ್ಲಿ ಕಳಿಸುತ್ತೀರಿ, ಏನೆಂದು ಕಳಿಸುತ್ತೀರಿ, ಎಲ್ಲಕ್ಕೂ ಮೊದಲೇ ಒಪ್ಪಿಗೆ ಬೇಕು. ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರ. ಮಾವನ ಬೋರ್ಡಿನಲ್ಲೋ ಮನೆದೇವರು, ತಾತ, ಊರು ಎಲ್ಲರೂ ಇದ್ದಾರೆ. ಬಹಳ ಯೋಚಿಸಿ ತಾತನನ್ನು ಉಳಿಸಿಕೊಂಡರು. ‘ದೇವ್ರು ಅರ್ಥ ಮಾಡ್ಕಂತಾನೆ. ತಾತ ಮುಂಗೋಪಿ’ ಎಂದು ಪಿಸುಗುಟ್ಟಿದರು.

ಮಾವ ಹೇಳಿದ ಮೆಸೇಜು ಹಸುವಿನಿಂದ ಶುರುವಾಗಿತ್ತು. ಕಂಪನಿಯವರು ಒಪ್ಪಲಿಲ್ಲ. ಹಸು ತೆಗೆದು ‘ಊಟ ಆಯ್ತಾ’ ಹಾಕಿದೆವು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ನಾನು ಬರೆದದ್ದು ಪಾಸಾಯಿತು: ‘____ ಅವರೇ, ನಿಮ್ಮ ____ ಸಿದ್ಧವಾಗಿದೆ. ಬಂದು ತೆಗೆದುಕೊಂಡು ಹೋಗಿ.’ ಒಂದು ಖಾಲಿ ಜಾಗ ಹೆಸರಿಗೆ, ಇನ್ನೊಂದು ಮೋಟರಿಗೋ ಪಂಪಿಗೋ.

‘ಇದು ನಿಮ್ಮತ್ತೆ ಮಾತಾಡ್ದಂಗೇ ಐತೆ’ ಎಂದು ಮಾವ ಮುಖ ಸಣ್ಣಗೆ ಮಾಡಿಕೊಂಡರು. ಆಮೇಲೆ ಎರಡನೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. ‘ಇಲ್ಲಿ ಏನು ಬೇಕಾದ್ರೂ ಬರೀಬೋದಾ?’

ಮೂವತ್ತು ಅಕ್ಷರದೊಳಗೆ ಇರಬೇಕು ಎಂದೆ. ಅಷ್ಟು ಸಾಕಾಯಿತು! ಎರಡು ದಿನ ಬಿಟ್ಟು ಹೋಗಿ ನೋಡಿದರೆ, ‘ನಿಮ್ಮ ಹಸು ಕರು ಹಾಕ್ತಾ ಮೋಟ್ರು ಸಿದ್ಧವಾಗಿದೆ’, ‘ನಿಮ್ಮ ಅಮ್ಮನ ಮಂಡಿನೋವು ಹೆಂಗೈತೆ ಮೋಟ್ರು ಸಿದ್ಧವಾಗಿದೆ. ಬಂದು ತೆಗೆದುಕೊಂಡು ಹೋಗಿ’ ಎಂದು ಸಾಲುಸಾಲು ಮೆಸೇಜು ಹೋಗಿವೆ.

ಮಾವ ಮಾತ್ರ ಫೋನನ್ನೇ ನೋಡುತ್ತ ಕೂತಿದ್ದರು. ‘ಕೇಳಿದ್ದಕ್ಕೆ ಒಬ್ರೂ ಏನೂ ಹೇಳ್ತಿಲ್ವಲ್ಲಮ್ಮ.’

ಇಂಥ ಮೆಸೇಜಿಗೆ ಉತ್ತರ ಕಳಿಸಲು ಬರುವುದಿಲ್ಲ ಮಾವ, ಇಲ್ಲಿಂದ ಹೋಗುತ್ತದೆ, ಅಲ್ಲಿಂದ ಬರುವುದಿಲ್ಲ ಎಂದೆ. ಅವರು ಫೋನನ್ನು ಮಗುಚಿಟ್ಟರು.

‘ಅಂಗಾದ್ರೆ ಇದು ಮಾತಲ್ಲ, ಬುಡು. ಬಾಗ್ಲು ಹಾಕ್ಬುಡಾನ’ ಎಂದರು. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಅತ್ತೆ ಏನೋ ಹೇಳಹೊರಟಿದ್ದರು. ಅಷ್ಟರಲ್ಲಿ ಬಸ್ಸಿಳಿದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, ಮೋಟರುಗಳ ನಡುವೆ ಸ್ಟೂಲು ಎಳೆದುಕೊಂಡು ಕೂತರು. ಯಾವ ಮೋಟರ್ ಎಂದು ಅತ್ತೆ ಕೇಳಿದರು.

‘ಮೋಟ್ರು ನನ್ಮಗ ನಾಳೆ ಒಯ್ತಾನೆ ಕಣಮ್ಮ. ಇವ್ನು ನನ್ನ ಮಂಡಿನೋವು ಹೆಂಗೈತೆ ಅಂತ ಕೇಳಿದ್ನಂತೆ. ನಮ್ಮನೇಲೇ ಯಾರೂ ಕೇಳಿರ್ಲಿಲ್ಲ. ಹೇಳಿ ಹೋಗಾನ ಅಂತ ಬಂದೆ.’

ಮಾವ ಬಾಯಿ ತೆರೆದರು. ಗಾಳಿಯಷ್ಟೇ ಬಂತು.

‘ನೀನು ಆಯಾಸ ಮಾಡ್ಕಬ್ಯಾಡಪ್ಪ, ನಾನೇ ಹೇಳ್ತೀನಿ’ ಎಂದು ಅಜ್ಜಿ ಶುರು ಮಾಡಿದರು. ಮಾವ ಅವರ ಕಾಲ ಬಳಿ ನೆಲದ ಮೇಲೆ ಕೂತು ಮಂಡಿಯ ಕಥೆಯನ್ನು ಕೊನೆಯವರೆಗೂ ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು, ನನ್ನದೂ.

ಅಜ್ಜಿಯನ್ನು ಬಸ್ಸು ಹತ್ತಿಸಿ ಬಂದ ಮಾವ ಅತ್ತೆಯ ಮುಂದೆ ನಿಂತು, ‘ಬಾಗ್ಲು ಹಾಕಾದು ಬ್ಯಾಡ ಕಣೆ’ ಎಂದರು. ಪಿಸುಮಾತೇ. ಅತ್ತೆಗೆ ಚೆನ್ನಾಗಿ ಕೇಳಿಸಿತು.